ರಫ್ತು ಬೆಳೆಸುವ ಅಂತಾರಾಷ್ಟ್ರೀಯ ನೆರವು: ಕಾಸರಗೋಡಿನ ಬೆಳೆಗಾರರೂ ಸಣ್ಣ ಉದ್ಯಮಿಗಳೂ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಸಹಕಾರಿ ಸಂಘಗಳ ಸಭೆಗಳಲ್ಲಿ, ಬೆಳೆಗಾರರ ಪತ್ರಗಳಲ್ಲಿ, ಅಡಿಕೆ ಹಾಳೆಯ ತಟ್ಟೆ, ಗೇರುಬೀಜ ಮತ್ತು ಒಳ್ಳೆಮೆಣಸಿನ ವ್ಯವಹಾರದವರ ಜೊತೆಗಿನ ಮಾತುಕತೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಳ್ಳಲಾಗಿದೆ. ಸುಲಭದವು ಮೊದಲು, ಕಠಿಣವಾದವು ಅನಂತರ ಬರುತ್ತವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲು ತಿಳಿಯಬೇಕಾದವು

ಅಂತಾರಾಷ್ಟ್ರೀಯ ನೆರವು ಅಂದರೆ ನಮಗೆ ದುಡ್ಡು ಕೊಡುವುದಾ, ಬೇರೆ ಏನಾದರೂ ಉಂಟಾ?

ನೇರವಾಗಿ ಬೆಳೆಗಾರನ ಕೈಗೆ ಹಣ ಬರುವುದು ಅಪರೂಪ. ಈ ನೆರವಿನಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದು, ಅಭಿವೃದ್ಧಿಶೀಲ ದೇಶಗಳ ಸರಕಿಗೆ ಶ್ರೀಮಂತ ದೇಶಗಳು ಆಮದು ಸುಂಕವನ್ನು ಇಳಿಸುವುದು ಅಥವಾ ಪೂರ್ತಿ ಬಿಟ್ಟುಬಿಡುವುದು. ಈ ವಿಚಾರಕ್ಕೆ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನದಲ್ಲಿ, ಅಂದರೆ ಅಂಕ್‌ಟಾಡ್‌ನಲ್ಲಿ, 1968ರಲ್ಲಿ ಒಪ್ಪಿಗೆ ದೊರೆಯಿತು. ಆ ಸಮ್ಮೇಳನ ನಡೆದದ್ದು ನಮ್ಮ ನವದೆಹಲಿಯಲ್ಲೇ. ಎರಡನೆಯದು, ಸರಕನ್ನು ಹೊರದೇಶದ ಮಾರುಕಟ್ಟೆಗೆ ತಕ್ಕಂತೆ ಸಿದ್ಧಪಡಿಸುವ ಸಾಮರ್ಥ್ಯವನ್ನು ಬೆಳೆಸುವುದು: ಪ್ರಯೋಗಾಲಯ, ತರಬೇತಿ, ಮಾರುಕಟ್ಟೆಯ ಮಾಹಿತಿ, ಬಂದರು ಮತ್ತು ಕಸ್ಟಮ್ಸ್ ವ್ಯವಸ್ಥೆಯ ಸುಧಾರಣೆ ಇವೆಲ್ಲ ಇದರಲ್ಲಿ ಸೇರುತ್ತವೆ.

ಎರಡನೆಯ ಬಗೆಯ ಕೆಲಸಕ್ಕೆಂದೇ 1964ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಕೇಂದ್ರ ಆರಂಭವಾಯಿತು. ಇಂದು ಅದು ವಿಶ್ವ ವ್ಯಾಪಾರ ಸಂಸ್ಥೆ ಮತ್ತು ವಿಶ್ವಸಂಸ್ಥೆ ಎರಡಕ್ಕೂ ಸೇರಿದ ಜಂಟಿ ಸಂಸ್ಥೆಯಾಗಿದ್ದು, ಸಣ್ಣ ಉದ್ದಿಮೆಗಳ ಮೇಲೆ ಹೆಚ್ಚು ಗಮನ ಕೊಡುತ್ತದೆ. ನೆದರ್‌ಲ್ಯಾಂಡ್ಸ್ ಸರ್ಕಾರವಂತೂ ಅಭಿವೃದ್ಧಿಶೀಲ ದೇಶಗಳಿಂದ ಯುರೋಪಿಗೆ ಬರುವ ಆಮದನ್ನು ಬೆಳೆಸಲೆಂದೇ 1971ರಲ್ಲಿ ಒಂದು ಕಚೇರಿಯನ್ನು ತೆರೆಯಿತು. ಮಾರುವವರಿಗೆ ಕೊಳ್ಳುವ ದೇಶವೇ ದಾರಿ ತೋರಿಸುವ ಇಂಥ ವ್ಯವಸ್ಥೆ ಹೆಚ್ಚು ದೇಶಗಳಲ್ಲಿ ಇರಬೇಕಾಗಿತ್ತು.

ಶ್ರೀಮಂತ ದೇಶಗಳು ನಮ್ಮಂಥವರಿಗೆ ಯಾಕೆ ಸಹಾಯ ಮಾಡುತ್ತವೆ? ಅವರಿಗೇನು ಲಾಭ?

ಲಾಭ ಅವರಿಗೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಅಗ್ಗದ ಮತ್ತು ಭರವಸೆಯ ಕಚ್ಚಾವಸ್ತು, ತಮ್ಮ ಯಂತ್ರಗಳಿಗೆ ಹೊಸ ಗಿರಾಕಿಗಳು, ಜೊತೆಗೆ ರಾಜತಾಂತ್ರಿಕ ಸ್ನೇಹ ಅವರಿಗೆ ದೊರೆಯುತ್ತವೆ. ಆದರೆ ಇದರ ಹಿಂದೆ ಒಂದು ನ್ಯಾಯದ ವಾದವೂ ಇದೆ. ಅಂಕ್‌ಟಾಡ್‌ನ ಮೊದಲ ಮಹಾಕಾರ್ಯದರ್ಶಿಯಾಗಿದ್ದ ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರಾವುಲ್ ಪ್ರೆಬಿಷ್, ಕಚ್ಚಾ ಬೆಳೆಯನ್ನಷ್ಟೇ ಮಾರುವ ದೇಶಗಳು ಕಾಲ ಕಳೆದಂತೆ ಅದೇ ಯಂತ್ರವನ್ನು ಕೊಳ್ಳಲು ಹೆಚ್ಚು ಹೆಚ್ಚು ಬೆಳೆಯನ್ನು ಕೊಡಬೇಕಾಗುತ್ತದೆ ಎಂದು ತೋರಿಸಿದ್ದರು. ತೆಂಗು, ಅಡಿಕೆ, ರಬ್ಬರ್ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ; ಬೆಳೆಯ ಬೆಲೆ ಏರಿಳಿದರೂ ಗೊಬ್ಬರ ಮತ್ತು ಕೂಲಿಯ ಖರ್ಚು ಇಳಿದದ್ದನ್ನು ಅವರು ಕಂಡದ್ದು ಕಡಿಮೆ.

ಭಾರತ ಈಗಲೂ ಅಭಿವೃದ್ಧಿಶೀಲ ದೇಶವೇ? ಅದನ್ನು ಯಾರು ತೀರ್ಮಾನಿಸುವುದು?

ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಆಯಾ ದೇಶವೇ ತನ್ನನ್ನು ಹಾಗೆಂದು ಘೋಷಿಸಿಕೊಳ್ಳುತ್ತದೆ. ಭಾರತ ಹಾಗೆ ಘೋಷಿಸಿಕೊಂಡಿದೆ. ಆದರೆ ‘ಅತಿ ಹಿಂದುಳಿದ ದೇಶ’ ಎಂಬ ವರ್ಗ ಬೇರೆ. ತಲಾ ಆದಾಯ, ಆರೋಗ್ಯ ಮತ್ತು ಶಿಕ್ಷಣದ ಸ್ಥಿತಿ, ಆರ್ಥಿಕ ಮತ್ತು ಪರಿಸರದ ಆಘಾತಗಳಿಗೆ ಈಡಾಗುವ ಸಾಧ್ಯತೆ ಎಂಬ ಮೂರು ಅಳತೆಗಳಿಂದ ವಿಶ್ವಸಂಸ್ಥೆ ಅದನ್ನು ಮೂರು ವರ್ಷಕ್ಕೊಮ್ಮೆ ಪರಿಶೀಲಿಸುತ್ತದೆ. ಭಾರತ ಆ ಪಟ್ಟಿಯಲ್ಲಿಲ್ಲ. ಭೂತಾನ್ 2023ರ ಡಿಸೆಂಬರ್‌ನಲ್ಲಿ ಆ ಪಟ್ಟಿಯಿಂದ ಹೊರಬಂದಿತು. ಅತಿ ಹೆಚ್ಚಿನ ರಿಯಾಯಿತಿಗಳು, ಉದಾಹರಣೆಗೆ ಶಸ್ತ್ರಾಸ್ತ್ರ ಬಿಟ್ಟು ಉಳಿದೆಲ್ಲ ಸರಕನ್ನೂ ಸುಂಕವಿಲ್ಲದೆ ಬಿಡುವ ಯುರೋಪಿನ 2001ರ ವ್ಯವಸ್ಥೆ, ಅಂಥ ದೇಶಗಳಿಗಷ್ಟೇ ಸಿಗುತ್ತವೆ.

ಭಾರತದಂಥ ದೇಶಕ್ಕೆ ಸಿಗುವ ರಿಯಾಯಿತಿ ಕೊಡುವವರ ಇಚ್ಛೆಗೆ ಬಿಟ್ಟದ್ದು. ಅಮೆರಿಕ 2019ರ ಜೂನ್ 5ರಂದು ಭಾರತಕ್ಕಿದ್ದ ಸುಂಕ ರಿಯಾಯಿತಿಯನ್ನು ಹಿಂತೆಗೆದುಕೊಂಡಿತು. ಆದ್ದರಿಂದ ರಿಯಾಯಿತಿಯೊಂದನ್ನೇ ನಂಬಿ ಕಾರ್ಖಾನೆ ಕಟ್ಟಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

## ತೋಟದಿಂದ ಬಂದರಿನವರೆಗೆ

ಸುಂಕ ಇಲ್ಲ ಅಂತಾರೆ, ಆದರೂ ನಮ್ಮ ಮಾಲು ಅಲ್ಲಿ ಯಾಕೆ ದಾಟುವುದಿಲ್ಲ?

ಹೆಚ್ಚಿನ ತೊಡಕು ಇರುವುದು ಸುಂಕದಲ್ಲಲ್ಲ, ಗುಣಮಟ್ಟದ ಪರೀಕ್ಷೆಯಲ್ಲಿ. ಒಳ್ಳೆಮೆಣಸನ್ನೇ ತೆಗೆದುಕೊಳ್ಳೋಣ. ಒಣಗಿಸುವಾಗ ಮಳೆ ತಾಗಿದರೆ ಅಥವಾ ತೇವ ಉಳಿದರೆ ಅದರಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಯುರೋಪಿನ ಮಿತಿಯಂತೆ ಒಂದು ಕಿಲೋ ಮೆಣಸಿನಲ್ಲಿ ಒಟ್ಟು ಅಫ್ಲಾಟಾಕ್ಸಿನ್ 10 ಮೈಕ್ರೊಗ್ರಾಂ ಮೀರಬಾರದು. ಅಂದರೆ ಒಂದು ಟನ್ ಮೆಣಸಿನಲ್ಲಿ 10 ಮಿಲಿಗ್ರಾಂ. ಇಷ್ಟು ಸಣ್ಣ ಪ್ರಮಾಣ ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು. ಕಂಡುಹಿಡಿಯಲು ಒಳ್ಳೆಯ ಪ್ರಯೋಗಾಲಯ ಬೇಕು, ತಪ್ಪಿಸಲು ಒಳ್ಳೆಯ ಅಂಗಳ ಬೇಕು. ಮಣ್ಣಿನ ನೆಲದ ಮೇಲೆ ಒಣಹಾಕಿದ ಮೆಣಸಿಗೂ ಸ್ವಚ್ಛ ಶೀಟಿನ ಮೇಲೆ ಒಣಗಿಸಿ ತೇವಾಂಶವನ್ನು ಶೇಕಡಾ 12ಕ್ಕಿಂತ ಕೆಳಗೆ ತಂದ ಮೆಣಸಿಗೂ ಇರುವ ವ್ಯತ್ಯಾಸ ಪೇಟೆಯಲ್ಲಿ ಕಿಲೋಗೆ ಕೆಲವೇ ರೂಪಾಯಿಯಾಗಿ ಕಂಡರೂ, ಬಂದರಿನಲ್ಲಿ ಇಡೀ ಕಂಟೇನರ್ ಹಿಂತಿರುಗುವುದಕ್ಕೂ ದಾಟುವುದಕ್ಕೂ ಇರುವ ವ್ಯತ್ಯಾಸವಾಗುತ್ತದೆ.

ಕೀಟನಾಶಕದ ಶೇಷದ ಮಿತಿಗಳೂ ಹೀಗೆಯೇ. ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಶೇಷ ಕಂಡುಬಂದದ್ದರಿಂದ 2020ರಲ್ಲಿ ಯುರೋಪಿನಲ್ಲಿ ದೊಡ್ಡ ಪ್ರಮಾಣದ ಸರಕನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಇಂಥ ನಿಯಮಗಳೆಲ್ಲ ನಮ್ಮನ್ನು ತಡೆಯಲು ಹೂಡಿದ ನೆಪ ಎಂದು ಕೆಲವರು ಹೇಳುತ್ತಾರೆ. ಕೆಲವು ಸಂದರ್ಭದಲ್ಲಿ ಆ ಸಂಶಯ ನ್ಯಾಯವೂ ಹೌದು. ಆದರೆ ಕಾಸರಗೋಡಿನಲ್ಲಿ ನಿಂತು ಆ ಮಾತನ್ನು ಪೂರ್ತಿ ಒಪ್ಪುವುದು ಕಷ್ಟ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ವರ್ಷಗಳ ನೋವನ್ನು ಎಣ್ಮಕಜೆ, ಪಡ್ರೆಯ ಮನೆಗಳು ಇಂದಿಗೂ ಅನುಭವಿಸುತ್ತಿವೆ. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಿತ ವಿಷಗಳ ಪಟ್ಟಿಗೆ ಅದು ಸೇರಿತು, ಅದೇ ವರ್ಷ ನಮ್ಮ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ವಿದೇಶದ ಗಿರಾಕಿಯನ್ನು ತಲುಪುವ ಎಷ್ಟೋ ಮೊದಲೇ ವಿಷ ತೋಟದ ಕೆಲಸದವರನ್ನೂ ಸುತ್ತಲಿನ ಮಕ್ಕಳನ್ನೂ ತಲುಪಿರುತ್ತದೆ.

ಬಡ ದೇಶಗಳು ಈ ಪರೀಕ್ಷೆಗಳನ್ನು ದಾಟಲು ನೆರವಾಗಲೆಂದು ವಿಶ್ವ ಬ್ಯಾಂಕ್, ವಿಶ್ವ ಆರೋಗ್ಯ ಸಂಸ್ಥೆ, ವಿಶ್ವ ವ್ಯಾಪಾರ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಸೇರಿ 2002ರಲ್ಲಿ ಒಂದು ಜಂಟಿ ನಿಧಿಯನ್ನು ಸ್ಥಾಪಿಸಿದವು. ಸದ್ದಿಲ್ಲದೆ ನಡೆಯುವ ಈ ಬಗೆಯ ಕೆಲಸವೇ ಎಲ್ಲ ವ್ಯಾಪಾರ ನೆರವಿನಲ್ಲಿ ಹೆಚ್ಚು ಬೆಲೆಯುಳ್ಳದ್ದೆಂದು ನಾವು ನಂಬಿದ್ದೇವೆ.

ಹಾಳೆ ತಟ್ಟೆಗೆ ಅಮೆರಿಕದಲ್ಲಿ ತಡೆ ಬಂತಲ್ಲ, ಇನ್ನು ನಮ್ಮ ಯೂನಿಟ್ ಮುಚ್ಚುವುದೇ?

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆ ಹಾಳೆಯ ತಟ್ಟೆಗಳಿಂದ ಅಡಿಕೆಯಲ್ಲಿರುವ ರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂಬ ಕಾರಣ ಹೇಳಿ, ಅವು ಆಹಾರ ಬಡಿಸಲು ತಕ್ಕವಲ್ಲವೆಂದು ತಿಳಿಸಿತು. ನಮ್ಮ ಜಿಲ್ಲೆಯಲ್ಲೂ ದಕ್ಷಿಣ ಕನ್ನಡದಲ್ಲೂ ಬ್ಯಾಂಕ್ ಸಾಲದಿಂದ ಯಂತ್ರ ಹಾಕಿದ, ಹೆಚ್ಚಾಗಿ ಮಹಿಳೆಯರೇ ದುಡಿಯುವ ಎಷ್ಟೋ ಸಣ್ಣ ಘಟಕಗಳಿಗೆ ಇದು ದೊಡ್ಡ ಹೊಡೆತ.

ಘಟಕವನ್ನು ಮುಚ್ಚುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕು: ತೊಳೆದು, ಒಣಗಿಸಿ, ಬಿಸಿ ಅಚ್ಚಿನಲ್ಲಿ ಒತ್ತಿದ ಹಾಳೆಯಿಂದ ಬಿಸಿ ಸಾರಿಗೆ, ಎಣ್ಣೆ ಪದಾರ್ಥಕ್ಕೆ, ಹುಳಿ ಪದಾರ್ಥಕ್ಕೆ ನಿಜವಾಗಿ ಎಷ್ಟು ಆಲ್ಕಲಾಯ್ಡ್ ಸೇರುತ್ತದೆ? ಇದನ್ನು ಒಬ್ಬ ಉದ್ಯಮಿ ತನ್ನ ಖರ್ಚಿನಲ್ಲಿ ಮಾಡಿಸಲಾರ, ಮಾಡಿಸಿದರೂ ಒಬ್ಬನ ವರದಿಯನ್ನು ವಿದೇಶದ ನಿಯಂತ್ರಕರು ಒಪ್ಪಲಾರರು. ಘಟಕಗಳ ಒಕ್ಕೂಟ, ಸಂಶೋಧನಾ ಸಂಸ್ಥೆ ಮತ್ತು ಕೇಂದ್ರ ಸರ್ಕಾರ ಸೇರಿ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಾಡಿಸಬೇಕು. ಫಲಿತಾಂಶ ನಮ್ಮ ಪರವಾಗಿ ಬಂದರೆ ವಾದಿಸಲು ಆಧಾರ ಸಿಗುತ್ತದೆ. ವಿರುದ್ಧವಾಗಿ ಬಂದರೆ ಅದನ್ನೂ ಒಪ್ಪಿಕೊಂಡು, ಆಹಾರಕ್ಕೆ ತಾಗದ ಅಲಂಕಾರಿಕ ವಸ್ತು, ಪ್ಯಾಕಿಂಗ್ ಮುಂತಾದ ಬಳಕೆಗಳತ್ತ ಯಂತ್ರಗಳನ್ನು ತಿರುಗಿಸಬೇಕಾಗುತ್ತದೆ. ತಿನ್ನುವವರ ಆರೋಗ್ಯದ ವಿಷಯದಲ್ಲಿ ಸಂಶಯವನ್ನು ಬಚ್ಚಿಟ್ಟು ಮಾರಾಟ ಮಾಡುವುದು ನಮ್ಮ ಊರಿಗೆ ಒಪ್ಪುವಂಥದ್ದಲ್ಲ.

ಅಡಿಕೆಯನ್ನೇ ಹೊರದೇಶಕ್ಕೆ ಕಳುಹಿಸುವ ದಾರಿ ಇಲ್ಲವೇ?

ಅಡಿಕೆ ಬೆಳೆಯುವುದರಲ್ಲಿ ಭಾರತವೇ ಜಗತ್ತಿನಲ್ಲಿ ಮೊದಲು. ಆದರೆ ಅಂತಾರಾಷ್ಟ್ರೀಯ ನೆರವಿನ ಸಂಸ್ಥೆಗಳು ಅಡಿಕೆಯ ರಫ್ತಿಗೆ ಬೆಂಬಲ ಕೊಡುತ್ತವೆಂದು ನಿರೀಕ್ಷಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರ ಸಂಘಟನೆಗಳು ಇದನ್ನು ಪ್ರಶ್ನಿಸುತ್ತಾ ಬಂದಿವೆ. ಆದರೂ ವರ್ಗೀಕರಣ ಹಾಗೆಯೇ ಇದೆ. ಅಡಿಕೆಗೆ ನಮ್ಮಲ್ಲಿ ರಕ್ಷಣೆ ಸಿಕ್ಕಿದ್ದು ರಫ್ತಿನಿಂದಲ್ಲ, ಸಹಕಾರಿ ಖರೀದಿಯಿಂದ ಮತ್ತು ಆಮದಿಗೆ ಹಾಕಿದ ತಡೆಯಿಂದ: 1973ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಖರೀದಿ, ಮತ್ತು 2023ರಲ್ಲಿ ಕಿಲೋಗೆ 351 ರೂಪಾಯಿಗೆ ಏರಿಸಿದ ಕನಿಷ್ಠ ಆಮದು ಬೆಲೆ. ರಫ್ತಿನ ಕಡೆಗೆ ಮನಸ್ಸಿರುವ ಬೆಳೆಗಾರರು ಅಡಿಕೆ ಮರಕ್ಕೇ ಹಬ್ಬಿಸಿದ ಒಳ್ಳೆಮೆಣಸು, ನಡುವೆ ಬೆಳೆದ ಕೊಕ್ಕೋ, ಜಾಯಿಕಾಯಿ ಇವುಗಳನ್ನು ಮೊದಲು ಲೆಕ್ಕ ಹಾಕುವುದು ಲೇಸು. ಅಂಥ ಮಿಶ್ರ ಬೆಳೆಯ ಬಗ್ಗೆ ನಮ್ಮ ಕೂಡ್ಲಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ, ದಶಕಗಳಿಂದ ಕೆಲಸ ಮಾಡಿದೆ.

ಬದಿಯಡ್ಕದಲ್ಲಿ ಕೂತು ನಾನು ಹತ್ತು ಗೋಣಿ ಒಳ್ಳೆಮೆಣಸು ದುಬೈಗೆ ಕಳುಹಿಸಬೇಕಾದರೆ ಎಲ್ಲಿಂದ ಸುರು ಮಾಡುವುದು?

ಮೊದಲು ಗಿರಾಕಿ, ಅನಂತರ ಕಾಗದ. ಗಲ್ಫಿನಲ್ಲಿ ನಮ್ಮ ಜಿಲ್ಲೆಯವರಿಲ್ಲದ ಪೇಟೆಯಿಲ್ಲ. ಆ ಪರಿಚಯದಿಂದ ನಂಬಿಕಸ್ಥ ಖರೀದಿದಾರರನ್ನು ಗುರುತಿಸಿ, ಅವರಿಗೆ ಬೇಕಾದ ದರ್ಜೆ, ತೇವಾಂಶ, ಪ್ಯಾಕಿಂಗ್ ಇವನ್ನು ಬರಹದಲ್ಲಿ ಪಡೆದುಕೊಳ್ಳಿ.

ಕಾಗದದ ಸಾಲು ಹೀಗಿದೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಸಂಕೇತ ಪಡೆಯಬೇಕು. ಅರ್ಜಿ ಆನ್‌ಲೈನ್‌ನಲ್ಲಿ, ಶುಲ್ಕ 500 ರೂಪಾಯಿ, ನಿಮ್ಮ ಪ್ಯಾನ್ ಸಂಖ್ಯೆಯೇ ಸಂಕೇತವಾಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ದೃಢಪಡಿಸಬೇಕು, ಇಲ್ಲದಿದ್ದರೆ ಸಂಕೇತ ನಿಷ್ಕ್ರಿಯವಾಗುತ್ತದೆ. ಇದನ್ನು ಮರೆಯುವವರು ಬಹಳ. ಸಾಂಬಾರ ಪದಾರ್ಥವಾದ್ದರಿಂದ ಕೊಚ್ಚಿಯ ಸಾಂಬಾರ ಮಂಡಳಿಯಲ್ಲಿ ರಫ್ತುದಾರರಾಗಿ ನೋಂದಾಯಿಸಬೇಕು, ಆಹಾರ ಸುರಕ್ಷತಾ ಪರವಾನಗಿಯೂ ಬೇಕು. ಬ್ಯಾಂಕಿನ ವಿದೇಶಿ ವಿನಿಮಯ ಸಂಕೇತವನ್ನು ಕಸ್ಟಮ್ಸ್‌ನಲ್ಲಿ ದಾಖಲಿಸಬೇಕು. ಕೊನೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ಮೂಲದೇಶದ ಪ್ರಮಾಣಪತ್ರ. ಎರಡನೆಯದನ್ನು ಹಗುರಾಗಿ ಕಾಣಬೇಡಿ: 2022ರ ಮೇ 1ರಿಂದ ಜಾರಿಯಲ್ಲಿರುವ ಭಾರತ–ಯುಎಇ ಒಪ್ಪಂದದ ಸುಂಕ ರಿಯಾಯಿತಿಯನ್ನು ಕೇಳಲು ಅದೇ ಆಧಾರ.

ಹತ್ತು ಗೋಣಿಗೆ ಒಂದು ಪೂರ್ತಿ ಕಂಟೇನರ್ ದುಬಾರಿ. ಇತರರ ಸರಕಿನೊಂದಿಗೆ ಸೇರಿಸಿ ಕಳುಹಿಸುವ ಏಜೆಂಟರು ಮಂಗಳೂರಿನಲ್ಲೂ ಕೊಚ್ಚಿಯಲ್ಲೂ ಇದ್ದಾರೆ. ನೆರೆಹೊರೆಯ ಬೆಳೆಗಾರರು ರೈತ ಉತ್ಪಾದಕ ಕಂಪನಿ ಮಾಡಿಕೊಂಡು ಒಂದೇ ಗುಣಮಟ್ಟದ ಸರಕನ್ನು ಒಟ್ಟು ಮಾಡುವುದು ಇನ್ನೂ ಒಳ್ಳೆಯದು. ಕಾಸರಗೋಡು ಸೀರೆಯಂಥ ಹಗುರವಾದ, ಬೆಲೆಯುಳ್ಳ, ಭೌಗೋಳಿಕ ಗುರುತು ಪಡೆದ ವಸ್ತುಗಳಿಗೆ ಅಂಚೆ ಕಚೇರಿಯ ರಫ್ತು ಕೇಂದ್ರಗಳೇ ಸಾಕು.

ಮಾಲು ಹೋಯಿತು, ದುಡ್ಡು ಬಾರದಿದ್ದರೆ?

ಹೊಸ ಗಿರಾಕಿಗೆ ಸಾಲದ ಮೇಲೆ ಸರಕು ಕಳುಹಿಸಬೇಡಿ. ಬ್ಯಾಂಕಿನ ಮೂಲಕ ಲೆಟರ್ ಆಫ್ ಕ್ರೆಡಿಟ್ ಪಡೆದರೆ, ಒಪ್ಪಿದ ದಾಖಲೆಗಳನ್ನು ಸರಿಯಾಗಿ ಒಪ್ಪಿಸಿದಾಗ ಗಿರಾಕಿಯ ಬ್ಯಾಂಕೇ ಹಣಕ್ಕೆ ಹೊಣೆ. ದಾಖಲೆಯಲ್ಲಿ ಒಂದು ಅಕ್ಷರದ ವ್ಯತ್ಯಾಸವಿದ್ದರೂ ಹಣ ತಡೆಯಬಹುದಾದ್ದರಿಂದ ಎಚ್ಚರ ಬೇಕು. 1957ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ರಫ್ತು ಸಾಲ ಖಾತರಿ ನಿಗಮ, ಇಸಿಜಿಸಿ, ಗಿರಾಕಿ ದಿವಾಳಿಯಾದ ಅಥವಾ ಆ ದೇಶದಲ್ಲಿ ಗಲಭೆಯಾದ ನಷ್ಟಕ್ಕೆ ವಿಮೆ ಕೊಡುತ್ತದೆ.

ಈ ಮಾಹಿತಿಯೆಲ್ಲ ಕನ್ನಡದಲ್ಲಿ ಯಾಕೆ ಸಿಗುವುದಿಲ್ಲ?

ನ್ಯಾಯವಾದ ದೂರು. ಅರ್ಜಿಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಜಿಲ್ಲೆಯ ಕೃಷಿ ಇಲಾಖೆಯ ಸುತ್ತೋಲೆಗಳು ಹೆಚ್ಚಾಗಿ ಮಲಯಾಳದಲ್ಲಿ ಬರುವುದರಿಂದ, ಕನ್ನಡ ಮಾತ್ರ ಓದಬಲ್ಲ ಬೆಳೆಗಾರರು ಎರಡು ಕಡೆಯೂ ಹೊರಗುಳಿಯುತ್ತಾರೆ. ಇತರ ಮಾಹಿತಿ ತಡವಾದರೂ ನಡೆದೀತು. ಯಾವ ಔಷಧಿ ಸಿಂಪಡಿಸಿದ ಎಷ್ಟು ದಿನದ ಬಳಿಕ ಕೊಯ್ಯಬೇಕು ಎಂಬುದು ಮಾತ್ರ ಕನ್ನಡದಲ್ಲಿ, ಕೊಯ್ಲಿಗೆ ಮೊದಲೇ ಸಿಗಬೇಕು. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂಬ ನೆಲೆಯಲ್ಲಿ ಪಂಚಾಯತುಗಳ ಮೂಲಕ ಇದನ್ನು ಲಿಖಿತವಾಗಿ ಕೇಳಿ.

## ಆಳದ ಪ್ರಶ್ನೆಗಳು

ಆಫ್ರಿಕಾದ ಗೇರುಬೀಜ ಮಂಗಳೂರಿಗೆ ಬಂದು ನಮಗೆ ಬೆಲೆ ಇಲ್ಲದಾಗುತ್ತದೆ. ಆ ದೇಶಗಳಿಗೆ ಭಾರತ ಸುಂಕ ಯಾಕೆ ಬಿಡಬೇಕು?

ಇದು ಅತಿ ಹೆಚ್ಚು ಕೇಳಿಬರುವ, ಸಿಟ್ಟಿನಿಂದಲೇ ಬರುವ ಪ್ರಶ್ನೆ. 2008ರ ಏಪ್ರಿಲ್‌ನಲ್ಲಿ ನಡೆದ ಭಾರತ–ಆಫ್ರಿಕಾ ಶೃಂಗಸಭೆಯಲ್ಲಿ ಭಾರತವು ಅತಿ ಹಿಂದುಳಿದ ದೇಶಗಳಿಗೆ ಸುಂಕ ರಿಯಾಯಿತಿಯನ್ನು ಘೋಷಿಸಿತು. 2014ರ ಹೊತ್ತಿಗೆ ಅದನ್ನು ಬಹುಪಾಲು ಎಲ್ಲ ಸರಕುಗಳಿಗೂ ವಿಸ್ತರಿಸಿತು. ನೆರವು ಪಡೆಯುವ ದೇಶವೆಂದು ಕರೆಸಿಕೊಳ್ಳುವ ನಾವೇ ಇಲ್ಲಿ ನೆರವು ಕೊಡುವ ಸ್ಥಾನದಲ್ಲಿದ್ದೇವೆ. ತಾಂಜಾನಿಯಾ, ಮೊಜಾಂಬಿಕ್, ಬೆನಿನ್‌ಗಳ ರೈತರು ನಮ್ಮಂತೆಯೇ ಗುಡ್ಡದ ಗೇರು ಮರದಿಂದ ಬೀಜ ಹೆಕ್ಕುವವರು.

ಮಂಗಳೂರು ಮತ್ತು ಕೊಲ್ಲಂ ಕಾರ್ಖಾನೆಗಳಿಗೆ ವರ್ಷವಿಡೀ ಸಾಕಾಗುವಷ್ಟು ಬೀಜ ನಮ್ಮ ದೇಶದಲ್ಲಿ ಬೆಳೆಯುವುದಿಲ್ಲ. ಆಮದು ನಿಂತರೆ ಬೀಜ ಒಡೆದು ಸಿಪ್ಪೆ ತೆಗೆಯುವ ಸಾವಿರಾರು ಹೆಂಗಸರ ಕೆಲಸ ನಿಲ್ಲುತ್ತದೆ, ಆಗ ನಮ್ಮ ಬೀಜವನ್ನು ಕೊಳ್ಳುವವರೂ ಕಡಿಮೆಯಾಗುತ್ತಾರೆ. ಬೆಳೆಗಾರರ ಸಂಕಟ ನಿಜ. ಅದಕ್ಕೆ ಹಳೆಯ ಮರಗಳ ಬದಲು ಕಸಿ ಗಿಡ, ಸಹಕಾರಿ ಖರೀದಿ ಮತ್ತು ಊರಿನ ಬೀಜಕ್ಕೆ ಅದರ ಹೆಸರಿನಲ್ಲೇ ಮಾರುಕಟ್ಟೆ ಬೇಕು.

ಪರಿಸ್ಥಿತಿ ಬದಲಾಗುತ್ತಲೂ ಇದೆ. ಬೆನಿನ್ 2024ರ ಏಪ್ರಿಲ್‌ನಿಂದ ಕಚ್ಚಾ ಗೇರುಬೀಜದ ರಫ್ತನ್ನು ನಿಷೇಧಿಸಿ, ತನ್ನಲ್ಲೇ ಸಂಸ್ಕರಿಸುವ ದಾರಿ ಹಿಡಿದಿದೆ. ಜಗತ್ತಿನಲ್ಲೇ ಅತಿ ಹೆಚ್ಚು ಬೀಜ ಬೆಳೆಯುವ ಐವರಿ ಕೋಸ್ಟ್ ಕೂಡ ಸಂಸ್ಕರಣೆಯನ್ನು ಹೆಚ್ಚಿಸುತ್ತಿದೆ. ಅವರು ತಿರುಳನ್ನು ತಾವೇ ಮಾರತೊಡಗಿದಾಗ ನಮ್ಮ ಕಾರ್ಖಾನೆಗಳಿಗೆ ನಮ್ಮ ಬೀಜವೇ ಬೇಕಾಗುತ್ತದೆ.

ಹೊರಗಿನವರ ಸಲಹೆ ಕೇಳಿ ಕೆಟ್ಟ ದೇಶಗಳೂ ಉಂಟಲ್ಲ?

ಉಂಟು, ಅದೂ ಗೇರುಬೀಜದಲ್ಲೇ. ಮೊಜಾಂಬಿಕ್ ಒಂದು ಕಾಲದಲ್ಲಿ ಗೇರುಬೀಜಕ್ಕೆ ಜಗತ್ತಿನಲ್ಲೇ ಹೆಸರಾಗಿತ್ತು. ಅಂತರ್ಯುದ್ಧದ ಬಳಿಕ 1990ರ ದಶಕದಲ್ಲಿ ವಿಶ್ವ ಬ್ಯಾಂಕಿನ ಒತ್ತಾಯದಂತೆ ಆ ದೇಶ ಕಚ್ಚಾ ಬೀಜದ ಮೇಲಿನ ರಫ್ತು ತೆರಿಗೆಯನ್ನು ಇಳಿಸಿತು. ಬೀಜ ಭಾರತದತ್ತ ಹರಿಯಿತು, ಅಲ್ಲಿನ ಕಾರ್ಖಾನೆಗಳು ಮುಚ್ಚಿದವು, ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ರೈತರಿಗೆ ಸಿಗುವುದೆಂದು ಹೇಳಿದ ಹೆಚ್ಚಿನ ಬೆಲೆಯ ಬಹುಪಾಲನ್ನು ನಡುವಿನ ವ್ಯಾಪಾರಿಗಳು ಉಳಿಸಿಕೊಂಡರು. ಆ ಬೀಜದಿಂದ ಲಾಭ ಪಡೆದದ್ದು ನಮ್ಮ ಕಡೆಯ ಕಾರ್ಖಾನೆಗಳೇ ಎಂಬುದನ್ನು ನಾವು ನೆನಪಿಡಬೇಕು.

ಇದಕ್ಕೆ ಎದುರಾಗಿ ಬಾಂಗ್ಲಾದೇಶವನ್ನು ನೋಡಬಹುದು. 1979ರಲ್ಲಿ ಅಲ್ಲಿನ ದೇಶ್ ಗಾರ್ಮೆಂಟ್ಸ್, ಕೊರಿಯಾದ ಡೇವೂ ಕಂಪನಿಯ ಜೊತೆ ಕೈಜೋಡಿಸಿ ಸುಮಾರು 130 ಮಂದಿಯನ್ನು ತರಬೇತಿಗೆಂದು ಕೊರಿಯಾಕ್ಕೆ ಕಳುಹಿಸಿತು. ತರಬೇತಿ ಪಡೆದವರಲ್ಲಿ ಅನೇಕರು ಮುಂದೆ ತಮ್ಮದೇ ಕಾರ್ಖಾನೆ ತೆರೆದರು. ಸರ್ಕಾರ ಬಟ್ಟೆಯನ್ನು ಸುಂಕವಿಲ್ಲದೆ ತರಿಸಲು ಅವಕಾಶ ಕೊಟ್ಟಿತು, ಯುರೋಪು ಸುಂಕ ಬಿಟ್ಟಿತು. ಕೌಶಲ, ಕಚ್ಚಾವಸ್ತು, ಮಾರುಕಟ್ಟೆ ಮೂರೂ ಒಟ್ಟಿಗೆ ದೊರೆತದ್ದರಿಂದ ಒಂದು ಉದ್ಯಮವೇ ಎದ್ದು ನಿಂತಿತು. ಆದರೆ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ರಫ್ತಿನ ಅಂಕಿ ಏರುವಾಗಲೂ ಕಟ್ಟಡದ ಭದ್ರತೆಯನ್ನು ನೋಡುವವರಿಲ್ಲದಿದ್ದರೆ ಆ ಬೆಳವಣಿಗೆಯನ್ನು ಯಶಸ್ಸೆಂದು ಕರೆಯಲಾಗದು.

ಇಷ್ಟೆಲ್ಲ ಯಾಕೆ, ಸರ್ಕಾರ ರಫ್ತಿಗೆ ನೇರ ಸಬ್ಸಿಡಿ ಕೊಟ್ಟರೆ ಮುಗಿಯಿತಲ್ಲ?

ನಿಯಮ ಬಿಡುವುದಿಲ್ಲ. ರಫ್ತು ಮಾಡಿದ್ದಕ್ಕಾಗಿಯೇ ಕೊಡುವ ಸಬ್ಸಿಡಿಯನ್ನು ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ನಿಷೇಧಿಸುತ್ತದೆ. ತಲಾ ಆದಾಯ 1,000 ಡಾಲರ್‌ಗಿಂತ ಕಡಿಮೆಯಿದ್ದ ದೇಶಗಳಿಗೆ ವಿನಾಯಿತಿಯಿತ್ತು. ಭಾರತ ಆ ಮಿತಿಯನ್ನು ದಾಟಿತು. 2018ರಲ್ಲಿ ಅಮೆರಿಕ ದೂರು ಕೊಟ್ಟು, 2019ರ ಅಕ್ಟೋಬರ್ 31ರ ತೀರ್ಪು ನಮ್ಮ ಹಲವು ಯೋಜನೆಗಳಿಗೆ ವಿರುದ್ಧವಾಗಿ ಬಂದಿತು. ಭಾರತ ಮೇಲ್ಮನವಿ ಸಲ್ಲಿಸಿತಾದರೂ, ಮೇಲ್ಮನವಿ ಪೀಠಕ್ಕೆ ಸದಸ್ಯರ ನೇಮಕ ನಿಂತು ಅದು ಕೆಲಸ ಮಾಡದಂತಾದ್ದರಿಂದ ವಿವಾದ ಅಲ್ಲೇ ಉಳಿಯಿತು. ಕೃಷಿ ರಫ್ತಿನ ಸಬ್ಸಿಡಿಗಳನ್ನು ಕೊನೆಗೊಳಿಸುವ ತೀರ್ಮಾನ 2015ರಲ್ಲಿ ನೈರೋಬಿಯಲ್ಲಿ ಆಗಿದೆ.

ಸರಕಿನಲ್ಲಿ ಅಡಗಿರುವ ತೆರಿಗೆಯನ್ನು ಹಿಂತಿರುಗಿಸುವುದಕ್ಕೆ ತಡೆಯಿಲ್ಲ. 2021ರ ಜನವರಿ 1ರಿಂದ ನಡೆಯುತ್ತಿರುವ ರೋಡ್‌ಟೆಪ್ ಯೋಜನೆ ಅಂಥದ್ದು. ಒಣಗಿಸುವ ಅಂಗಳ, ಪ್ರಯೋಗಾಲಯ, ಸಂಶೋಧನೆ, ರಸ್ತೆ ಇವಕ್ಕೆ ಖರ್ಚು ಮಾಡಲೂ ಅಡ್ಡಿಯಿಲ್ಲ. ಅಂಥ ಖರ್ಚು ಮುಂದಿನ ಕೊಯ್ಲಿಗೂ ಅದರ ಮುಂದಿನದಕ್ಕೂ ಉಳಿಯುವುದರಿಂದ, ನಿಯಮವಿಲ್ಲದಿದ್ದರೂ ನಾವು ಅದನ್ನೇ ಕೇಳುತ್ತಿದ್ದೆವು.

ರಬ್ಬರಿಗೆ ಯುರೋಪಿನ ಹೊಸ ಕಾನೂನು ಬರುತ್ತದಂತೆ, ನಮ್ಮ ಎರಡೆಕರೆಗೂ ತಾಗುತ್ತದಾ?

ನಿಮ್ಮ ರಬ್ಬರಿನಿಂದ ತಯಾರಾದ ವಸ್ತು ಯುರೋಪಿಗೆ ಹೋಗುವುದಾದರೆ ತಾಗುತ್ತದೆ. 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲವೆಂದು ತೋರಿಸಲು ತೋಟದ ಸ್ಥಳದ ಅಕ್ಷಾಂಶ–ರೇಖಾಂಶ ಕೊಡಬೇಕಾಗುತ್ತದೆ. ರಬ್ಬರ್ ಜೊತೆಗೆ ಕಾಫಿ ಮತ್ತು ಕೊಕ್ಕೋ ಕೂಡ ಇದರಲ್ಲಿ ಸೇರಿವೆ. ಜಾರಿಯ ದಿನವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಲಾಗಿದೆ. ಹಳೆಯ ತೋಟದವರಿಗೆ ಹೆದರಿಕೆ ಬೇಡ, ಜಾಗದ ದಾಖಲೆ ಸರಿಯಿರಲಿ.

ಇಂಥ ನೆರವು ನಿಜಕ್ಕೂ ಫಲ ಕೊಟ್ಟಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಎಷ್ಟು ತರಬೇತಿ ನಡೆಯಿತು, ಎಷ್ಟು ಮಂದಿ ಸಹಿ ಹಾಕಿದರು ಎಂಬ ಲೆಕ್ಕ ವರದಿಗೆ ಸಾಕು, ತೋಟಕ್ಕೆ ಸಾಲದು. ಜಿಲ್ಲೆಯ ಒಟ್ಟು ರಫ್ತು ಏರಿದೆಯೆಂಬುದೂ ಪೂರ್ಣ ಉತ್ತರವಲ್ಲ, ಏಕೆಂದರೆ ಆ ಏರಿಕೆ ಒಂದೆರಡು ದೊಡ್ಡ ವ್ಯಾಪಾರಿಗಳದ್ದೇ ಆಗಿರಬಹುದು. ನಾವು ಕೇಳುವುದು ಇವನ್ನು: ಮೊದಲ ಸಲ ಸರಕು ಕಳುಹಿಸಿದ ಸಣ್ಣ ಘಟಕ ಯೋಜನೆ ಮುಗಿದ ಮೇಲೂ ಎರಡನೆಯ, ಮೂರನೆಯ ಸಲ ಕಳುಹಿಸಿತೇ? ಬಂದರಿನ ಬೆಲೆಯಲ್ಲಿ ಬೆಳೆದವರ ಪಾಲು ಹೆಚ್ಚಿತೇ? ತಿರಸ್ಕೃತವಾದ ಸರಕಿನ ಕಾರಣ ಬೆಳೆಗಾರರಿಗೆ ತಿಳಿಯಿತೇ, ಮುಂದಿನ ಕೊಯ್ಲಿನಲ್ಲಿ ಅದು ಕಡಿಮೆಯಾಯಿತೇ? ನಿಮ್ಮ ಸಹಕಾರಿ ಸಂಘಕ್ಕೆ ಇಂಥ ಯಾವುದಾದರೂ ಯೋಜನೆ ಬಂದಾಗ, ಮೊದಲ ಸಭೆಯಲ್ಲೇ ಈ ಮೂರು ಪ್ರಶ್ನೆಗಳನ್ನು ನಡಾವಳಿಯಲ್ಲಿ ಬರೆಸಿ, ಮೂರು ವರ್ಷದ ಬಳಿಕ ಉತ್ತರ ಕೊಡುವ ಹೊಣೆ ಯಾರದೆಂಬುದನ್ನೂ ಅಲ್ಲೇ ನಮೂದಿಸಿ.